ಉಜ್ಜಿದ ಹುಣಸೆಬೀಜ

ಹುಣಸೆಬೀಜವನ್ನು ಕಲ್ಲಿಗೆ ಉಜ್ಜುವ ಸದ್ದು ನನಗೆ ಆಗುವುದಿಲ್ಲ. ಚೌಕಾಬಾರ ಆಡುವ ಮಕ್ಕಳು ನಮ್ಮ ಕಟ್ಟೆಯ ಮೇಲೆ ಕೂತು ಉಜ್ಜತೊಡಗಿದರೆ ಪೊರಕೆ ಹಿಡಿದು ಓಡಿಸುತ್ತೇನೆ. ಉಚ್ಚಂಗಮ್ಮನಿಗೆ ತಲೆ ಕೆಟ್ಟಿದೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಮೊದಲಿಂದಲೂ ಬಾಯಿಜೋರಿನ ಹೆಂಗಸೇ. ಜೋರು ಬಾಯಿಯವರು ಒಳಗೇನೂ ಇಟ್ಟುಕೊಳ್ಳುವುದಿಲ್ಲ ಎಂದು ಜನ ನಂಬುತ್ತಾರಲ್ಲ, ಅದರಿಂದ ನನಗೆ ಬಹಳ ಅನುಕೂಲವಾಗಿದೆ.

ನನ್ನ ಗಂಡನ ಹೆಸರು ಹೊನ್ನಯ್ಯ. ಗಂಡನ ಹೆಸರು ಹೇಳಬಾರದಂತೆ. ಒಂದು ಸಲ ಹೇಳಿದ್ದಾಯಿತು, ಇನ್ನು ಮೇಲೆ 'ಇವರು' ಎಂದರೆ ಅವರೇ ಎಂದು ತಿಳಿದುಕೊಳ್ಳಿ. ಹೊಳೆಹೊನ್ನೂರಿನವರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕಂಟ್ರಾಕ್ಟ್ ಕೂಲಿ. ಆದರೆ ಕ್ವಾರ್ಟರ್ಸಿನಲ್ಲಿ ಯಾರಿಗೂ ಇವರ ಕೂಲಿ ಕೆಲಸ ಗೊತ್ತಿರಲಿಲ್ಲ, ಹಾವಿನ ಕೆಲಸ ಗೊತ್ತಿತ್ತು. ತಮಿಳರ ಮನೆಯ ಬಚ್ಚಲಿಗೆ ಹಾವು ಬಂದರೂ, ಸಾಹೇಬರ ಬಂಗಲೆಯ ಕಾರಿನೊಳಗೆ ಹಾವು ಹೊಕ್ಕರೂ ಇವರಿಗೇ ಕರೆ. ಹಿಡಿದು, ಗೋಣಿಚೀಲಕ್ಕೆ ಹಾಕಿ, ಭದ್ರಾ ಹೊಳೆಯ ದಂಡೆಗೆ ಬಿಟ್ಟು ಬರುತ್ತಿದ್ದರು. ಮೂಢನಂಬಿಕೆ ಬಿಡಿ ಎನ್ನುವ ಸಂಘದ ಸಭೆಗಳಿಗೆ ಹೋಗತೊಡಗಿದ ಮೇಲೆ ನಾಗರಕಲ್ಲಿಗೆ ಹಾಲೆರೆಯುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದರು. "ಹಾವು ಹಾಲು ಕುಡಿಯಲ್ಲ ಮಾರಾಯ್ತಿ. ಕೂಸಿಗೆ ಕುಡಿಸು" ಎಂದರು. ಆ ಕೂಸಿಗೆ ಸಮತಾ ಎಂದು ಹೆಸರಿಟ್ಟವರೂ ಇವರೇ. ನಮಗೆ ಅವಳೊಬ್ಬಳೇ ಮಗಳು.

ತೊಂಬತ್ತಾರರ ಮಳೆಗಾಲದಲ್ಲಿ ಕ್ವಾರ್ಟರ್ಸಿನ ಮೋರಿಯಲ್ಲಿ ಒಂದು ಬಿಳಿ ಕೇರೆಹಾವು ಸಿಕ್ಕಿತು. ಮೈಯೆಲ್ಲ ಬಿಳಿ, ಕಣ್ಣು ಮಾತ್ರ ಕೆಂಪು. ಅದನ್ನು ಇವರು ಹೊಳೆಗೆ ಬಿಡಲಿಲ್ಲ. ಹಿತ್ತಲಲ್ಲಿ ಜಾಲರಿ ಹೊಡೆದು ಗೂಡು ಕಟ್ಟಿ ಇಟ್ಟುಕೊಂಡರು. ನಾನು ಮೂರು ದಿನ ಜಗಳವಾಡಿದೆ.

"ಮನೇಲಿ ವಯಸ್ಸಿಗೆ ಬಂದ ಮಗಳಿದಾಳೆ, ಹಾವು ಸಾಕ್ತೀರಲ್ಲ, ನಾಚಿಕೆ ಆಗಲ್ವೇನ್ರಿ?"

"ಕೇರೆ ಕಣೇ ಅದು, ವಿಷ ಇಲ್ಲ. ಹೊರಗೆ ಬಿಟ್ರೆ ಹದ್ದಿಗೆ ಊಟ. ಹುಲ್ಲಲ್ಲಿ ಬಚ್ಚಿಟ್ಕಳ್ಳೋಕೆ ಅದಕ್ಕೆ ಬಣ್ಣನೇ ಇಲ್ವಲ್ಲ, ಪಾಪ."

ಶಿವಮೊಗ್ಗದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ದೇವರಾಜ್ ಮೇಷ್ಟ್ರು ಇವರಿಗೆ ಸಂಘದಲ್ಲಿ ಪರಿಚಯ. ಬಿಳಿ ಹಾವನ್ನು ನೋಡಲು ಬಂದವರು, ಹಾವು ಸಾಕುವುದು ಕಾಯ್ದೆಗೆ ವಿರುದ್ಧ ಹೊನ್ನಯ್ಯ ಎಂದು ಬೈದರು. ಬೈಯುತ್ತಲೇ ಗೂಡಿನ ಮುಂದೆ ಒಂದು ತಾಸು ಕುಕ್ಕರಗಾಲಲ್ಲಿ ಕೂತರು. ಮಾರನೇ ವರ್ಷ ಇವರು ಆ ಗಂಡಿಗೆ ಒಂದು ಮಾಮೂಲಿ ಕಂದು ಹೆಣ್ಣನ್ನು ಜೊತೆ ಮಾಡಿದರು. ಬಿಳಿ ಮರಿಗಳು ಬರುತ್ತವೆಂದು ದಿನ ಎಣಿಸಿದರು. ಹತ್ತು ಮೊಟ್ಟೆ ಒಡೆದವು. ಹತ್ತೂ ಕಂದು. ನನಗೆ ನಗು ಬಂತು, ಇವರಿಗೆ ಅಳು ಬಂತು.

ಆಗ ದೇವರಾಜ್ ಮೇಷ್ಟ್ರು ನಮ್ಮ ಕಟ್ಟೆಯ ಮೇಲೆ ಕೂತು ಸಮತಾಳ ಚೌಕಾಬಾರದ ಹುಣಸೆಬೀಜಗಳನ್ನು ಕೇಳಿ ತರಿಸಿಕೊಂಡರು. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಬೀಜಗಳು. ಇನ್ನೊಂದು ಮಗ್ಗುಲು ಹುಟ್ಟಿದ ಹಾಗೇ ಕಪ್ಪು.

"ನೋಡು ಹೊನ್ನಯ್ಯ. ನಿನ್ನ ಬಿಳಿ ಹಾವು ಎರಡೂ ಕಡೆ ಉಜ್ಜಿದ ಬೀಜ. ಆ ಹೆಣ್ಣು ಉಜ್ಜದೇ ಇರೋ ಬೀಜ. ಮರಿಗೆ ಅಪ್ಪನಿಂದ ಒಂದು ಮಗ್ಗುಲು, ಅಮ್ಮನಿಂದ ಒಂದು ಮಗ್ಗುಲು. ಹಂಗಾಗಿ ಈ ಹತ್ತು ಮರಿನೂ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ. ಕಪ್ಪು ಒಂದಿದ್ರೂ ಸಾಕು, ಮೈ ಕಪ್ಪಾಗೇ ಕಾಣ್ಸುತ್ತೆ. ಬಿಳಿ ಎಲ್ಲೂ ಹೋಗಿಲ್ಲ, ಒಳಗೆ ಕೂತಿದೆ."

ಹಾಗೆಂದು ಎರಡು ಬೀಜಗಳನ್ನು ಒಟ್ಟಿಗೆ ನೆಲಕ್ಕೆ ಹಾಕಿದರು. ಒಂದು ಕಪ್ಪು, ಒಂದು ಬಿಳಿ ಬಿತ್ತು. ಮತ್ತೆ ಹಾಕಿದರು. ಎರಡೂ ಕಪ್ಪು. ಹೀಗೆ ಹಾಕುತ್ತ ಹಾಕುತ್ತ ಒಂದು ಸಲ ಎರಡೂ ಬಿಳಿ ಬಿದ್ದವು.

"ಇದು ನೋಡು. ಈ ಮರಿಗಳಲ್ಲಿ ಒಂದು ಗಂಡು ಒಂದು ಹೆಣ್ಣು ಇಟ್ಕೊ. ದೊಡ್ಡವಾಗಲಿ. ಅವೆರಡೂ ಕೂಡಿದ್ರೆ ನಾಲ್ಕಕ್ಕೆ ಒಂದರಂತೆ ಬಿಳಿ ಬರಬಹುದು."

"ಅಣ್ಣ ತಂಗಿ ಅಲ್ವಾ ಸಾ ಅವು?" ಎಂದರು ಇವರು.

"ಹಾವಿಗೆ ಯಾವ ಸಂಬಂಧನಯ್ಯ" ಎಂದು ಮೇಷ್ಟ್ರು ನಕ್ಕರು. ನಾನೂ ಒಳಗಿನಿಂದ ನಕ್ಕೆ. ಎರಡು ಮರಿಗಳನ್ನು ಉಳಿಸಿಕೊಂಡು ಇವರು ಉಳಿದವನ್ನು ಹೊಳೆದಂಡೆಗೆ ಬಿಟ್ಟು ಬಂದರು. ಎರಡು ಬೀಜಗಳು ಅಂದಿನಿಂದ ಇವರ ಅಂಗಿಯ ಜೇಬಿನಲ್ಲೇ ಉಳಿದವು.

ಆ ಮರುವರ್ಷವೇ ನಾನು ಸಮತಾಳನ್ನು ನನ್ನ ತಮ್ಮ ಹಾಲೇಶನಿಗೆ ಕೊಟ್ಟು ಮದುವೆ ಮಾಡಿದ್ದು. ಹೌದು, ನಾನೇ ಮಾಡಿದ್ದು. ಇವರಿಗೆ ಇಷ್ಟವಿರಲಿಲ್ಲ, ಹುಡುಗಿ ಇನ್ನೂ ಓದಲಿ ಎಂದರು. ನಾನು ಎರಡು ಹೊತ್ತು ಉಣ್ಣದೆ ಮಲಗಿದೆ. ಸಂಬಂಧದಲ್ಲೇ ಕೊಡುವುದು ನಮ್ಮಲ್ಲಿ ಹೊಸದಲ್ಲ, ನನ್ನವ್ವ ಕರಿಯಮ್ಮನೂ ತನ್ನ ಸೋದರತ್ತೆಯ ಮಗನನ್ನೇ ಕಟ್ಟಿಕೊಂಡವಳು. ನಾನೊಬ್ಬಳು ಹೊರಗಿನವರನ್ನು ಮದುವೆಯಾಗಿ ತವರಿನಲ್ಲಿ ನೆಂಟಳಂತಾಗಿದ್ದೆ. ಹಾಲೇಶ ಶಿವಮೊಗ್ಗದಲ್ಲಿ ಆಟೋ ಓಡಿಸುತ್ತಿದ್ದ, ಕುಡಿತವಿಲ್ಲ, ಅವ್ವನ ಜೊತೆ ತುಂಗಾ ಹೊಳೆಯ ಹತ್ತಿರದ ಓಣಿಯಲ್ಲಿ ಸ್ವಂತ ಮನೆ. ಮಗಳು ಅಲ್ಲಿ ಸೇರಿದರೆ ಕಳ್ಳುಬಳ್ಳಿ ಕಡಿಯುವುದಿಲ್ಲ, ತವರಿನ ಬಾಗಿಲು ನನಗೂ ತೆರೆದಿರುತ್ತದೆ ಎಂದು ನನ್ನ ಆಸೆ. ತಪ್ಪೇ? ಯಾವ ಹೆಣ್ಣಿಗೆ ತವರಿನ ಆಸೆ ಇಲ್ಲ, ಹೇಳಿ ನೋಡೋಣ.

ಎರಡು ಸಾವಿರದ ಇಸವಿಯ ಜನವರಿಯಲ್ಲಿ ಸಮತಾ ಮೊದಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಭದ್ರಾವತಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಮೈ ಹಾಲಿನಂತೆ ಬೆಳ್ಳಗೆ, ಕೂದಲು ಮೆಕ್ಕೆಜೋಳದ ತೆನೆಯ ಕೂದಲಿನಂತೆ, ರೆಪ್ಪೆಯೂ ಬಿಳಿ. ಬೆಳಕಿಗೆ ಕಣ್ಣು ಬಿಡಲಾರದೆ ಒದ್ದಾಡಿತು. ಬಿಸಿಲಿಗೆ ಹಿಡಿಯಬೇಡಿ ಎಂದು ಡಾಕ್ಟರಮ್ಮ ಹೇಳಿ ಹೋದರು. ಸಮತಾ ಮಾತ್ರ ಮಗುವನ್ನು ಎದೆಗೆ ಹಾಕಿಕೊಂಡು, "ಎಷ್ಟು ಚೆನ್ನಾಗಿದಾಳಲ್ಲವ್ವಾ" ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ನಿಜ ಹೇಳುತ್ತೇನೆ, ಮಗು ಚೆನ್ನಾಗಿಯೇ ಇತ್ತು.

ಇವರು ಬಂದು ಮಗುವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಆಸ್ಪತ್ರೆಯ ಹೊರಗಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು:

"ಉಚ್ಚಂಗಿ, ನಿಮ್ಮ ಮನೇಲಿ ಹಿಂದೆ ಯಾರಾದ್ರೂ ಹಿಂಗೆ ಹುಟ್ಟಿದ್ರಾ?"

"ಇಲ್ಲ" ಎಂದೆ.

ಎಷ್ಟು ಬೇಗ ಹೇಳಿದೆ ಎಂದರೆ ಇವರು ಪ್ರಶ್ನೆಯನ್ನು ಪೂರ್ತಿ ಮುಗಿಸಿರಲೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಜೇಬಿಗೆ ಕೈ ಹಾಕಿ ಆ ಬೀಜಗಳನ್ನು ಆಡಿಸತೊಡಗಿದರು.

ಹುಟ್ಟಿದ್ದ. ನನಗಿಂತ ಏಳು ವರ್ಷ ಚಿಕ್ಕವನು, ಹಾಲೇಶನಿಗಿಂತ ಮುಂಚಿನವನು. ನಮ್ಮವ್ವ ಓಣಿಗೆಲ್ಲ ಸೂಲಗಿತ್ತಿ. ಅವಳ ಹೆರಿಗೆಯನ್ನು ಅವಳೇ ಮಾಡಿಕೊಂಡಳು. ನಾನು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ. ಬೆಳ್ಳಗಿನ ತಮ್ಮ ಅತ್ತಿದ್ದನ್ನು ಕಿವಿಯಾರೆ ಕೇಳಿದೆ. ಸ್ವಲ್ಪ ಹೊತ್ತಿಗೆ ಅವ್ವ ಹೊರಗೆ ಬಂದು, "ಉಸಿರೇ ಇರಲಿಲ್ಲ ಕೂಸಿಗೆ" ಎಂದು ಅಪ್ಪನಿಗೆ ಹೇಳಿದಳು. ಹಿತ್ತಲಲ್ಲಿ ನುಗ್ಗೆಮರದ ಬುಡದಲ್ಲಿ ಹೂಳಿದರು. ಅವ್ವ ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೆ. ಆ ನೋಟವೇ ಸಾಕಾಗಿತ್ತು ನನಗೆ, ಮೂವತ್ತೈದು ವರ್ಷ ಬಾಯಿ ಬಿಟ್ಟಿರಲಿಲ್ಲ. ಮಗಳನ್ನು ಹಾಲೇಶನಿಗೆ ಕೊಡುವಾಗ ಅದು ನೆನಪಿಗೆ ಬರಲಿಲ್ಲವೇ ಎಂದು ಕೇಳಿದರೆ, ಬಂತು. ಬಂದು ಹೋಯಿತು. ಬಣ್ಣ ಹೀಗೆ ಎರಡು ಮನುಷ್ಯರ ಒಳಗೆ ಅಡಗಿ ಕೂತಿರುತ್ತದೆ ಎಂದು ನನಗೇನು ಕನಸು ಬಿದ್ದಿತ್ತೇ? ಮೇಷ್ಟ್ರು ಹೇಳಿದ್ದು ಹಾವಿನ ಸಂಗತಿ ಎಂದುಕೊಂಡಿದ್ದೆ.

ಹಾಲೇಶ ಮಗುವನ್ನು ನೋಡಲು ಬಂದ. ಎತ್ತಿಕೊಳ್ಳಲಿಲ್ಲ. ಹಿತ್ತಲಿಗೆ ಹೋಗಿ ಗೂಡಿನಲ್ಲಿದ್ದ ಬಿಳಿ ಹಾವನ್ನು ನೋಡಿ, ಮತ್ತೆ ಒಳಗೆ ಬಾರದೆ ಹಾಗೇ ಹೊರಟುಹೋದ. ಮಾರನೇ ವಾರ ಶಿವಮೊಗ್ಗದಲ್ಲಿ ಶಾಸ್ತ್ರ ಹೇಳುವ ಪುಟ್ಟಪ್ಪನ ಹತ್ತಿರ ಕೇಳಿಕೊಂಡು ಬಂದ. ಪುಟ್ಟಪ್ಪ ಹೇಳಿದ್ದು ಇಷ್ಟು: ಸಮತಾಳ ಅಪ್ಪ ನಾಗನನ್ನು ಗೂಡಿನಲ್ಲಿಟ್ಟು ಮರಿ ಮಾಡಿಸಿದ್ದಾನೆ, ಅದೇ ಬಣ್ಣ ಅವಳ ಹೊಟ್ಟೆಗೆ ಇಳಿದಿದೆ, ಇದು ನಾಗದೋಷ.

"ನಾಗ ಅಲ್ಲ ಮಾರಾಯ, ಕೇರೆ ಅದು" ಎಂದರು ಇವರು.

"ಕೇರೆ, ನಾಗರ ಎರಡೂ ಕೂಡ್ತವೆ ಅಂತ ಚಿಕ್ಕಮಕ್ಕಳಿಗೂ ಗೊತ್ತು ಭಾವ. ಬಿಳಿ ಬಂದಿದ್ದು ಎಲ್ಲಿಂದ ಮತ್ತೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ನಮ್ಮ ರಕ್ತದಲ್ಲಿದ್ದದ್ದಕ್ಕೆ ಆ ಮೂಕ ಪ್ರಾಣಿ ಹೊಣೆಯಾಯಿತು. ಹಾಲೇಶ ಖಡಾಖಂಡಿತವಾಗಿ ಹೇಳಿಬಿಟ್ಟ: ಸಮತಾ ಬರಲಿ, ಮಗು ಬೇಡ. ಭಾವ ಹಾವುಗಳನ್ನು ಬಿಟ್ಟು, ತಲೆ ಬೋಳಿಸಿಕೊಂಡು ನಾಗಪ್ರತಿಷ್ಠೆ ಮಾಡಿಸಲಿ. ಇಲ್ಲವಾದರೆ ಸಮತಾಳೂ ತವರಿನಲ್ಲೇ ಇರಲಿ. ಇವರು ಹುಣಸೆಬೀಜ ತೆಗೆದು ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದರು. ಅವನು ಅರ್ಧ ಕೇಳಿ ಕೈಯಾಡಿಸಿದ.

"ಬಾಯಲ್ಲಿ ಹೇಳಿದ್ರೆ ಆಗಲ್ಲ ಭಾವ. ಆ ಎರಡು ಕರಿ ಹಾವು ಇದಾವಲ್ಲ, ಅವಕ್ಕೊಂದು ಬಿಳಿ ಮರಿ ಹುಟ್ಟಲಿ. ನನ್ನ ಕಣ್ಣಿಂದ ನೋಡ್ತೀನಿ. ಆವತ್ತೇ ನನ್ನ ಮಗಳನ್ನ ಎತ್ಕೊಂಡು ಹೋಗ್ತೀನಿ. ಮತ್ತೆ ಚಕಾರ ಎತ್ತಲ್ಲ."

ಹಾಲೇಶ ಕೆಟ್ಟವನಲ್ಲ. ಆ ಮಾತನ್ನು ಅವನು ನಡೆಸಿಕೊಡುತ್ತಿದ್ದ, ನನಗೆ ಗೊತ್ತು.

ಮೇ ತಿಂಗಳಲ್ಲಿ ಆ ಕಂದು ಹೆಣ್ಣು ಹನ್ನೊಂದು ಮೊಟ್ಟೆ ಇಟ್ಟಿತು. ಇವರು ಹೊಳೆಯ ಮರಳು ತಂದು ಮಡಕೆಗೆ ಹಾಕಿ, ಮೊಟ್ಟೆಗಳನ್ನು ಇಟ್ಟು, ಒದ್ದೆ ಬಟ್ಟೆ ಮುಚ್ಚಿ ಬಚ್ಚಲಿನ ಮೂಲೆಯಲ್ಲಿಟ್ಟರು. ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸಮತಾ ಎದ್ದ ಕೂಡಲೇ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮಡಕೆಯ ಹತ್ತಿರ ಹೋಗುತ್ತಿದ್ದಳು. "ಇವತ್ತು ಒಡೀತಾವಾ ಅಪ್ಪ?" ಎಂದು ಕೇಳುತ್ತಿದ್ದಳು. ಮಗುವಿಗೆ ಇವರು ಸಂಘಮಿತ್ರಾ ಎಂದು ಹೆಸರಿಟ್ಟಿದ್ದರು, ನಾವೆಲ್ಲ ಮಿತ್ರಾ ಎನ್ನುತ್ತಿದ್ದೆವು. "ನಿಮ್ಮಪ್ಪ ಬರ್ತಾರೆ ಕಣೆ ಮಿತ್ರಾ, ಆಟೋದಲ್ಲಿ ಹೋಗೋಣ" ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದಳು.

ಒಂದು ದಿನ ಇವರು ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಬೀಜಗಳನ್ನಿಟ್ಟು ನನಗೆ ಹೇಳಿದರು: "ನನ್ನ ಕಡೆ ಉಜ್ಜಿದ್ದಾಗಿದ್ರೂ, ಹಾಲೇಶ ನಮ್ಮ ರಕ್ತ ಅಲ್ಲ ಕಣೆ. ಅವನ ಹತ್ರನೂ ಇದೆ, ಸಮತಾ ಹತ್ರನೂ ಇದೆ. ಅಂದ್ರೆ ನಿಮ್ಮ ತವರಿಂದನೇ ಇರಬೇಕು. ನಿನ್ನ ಮೂಲಕ ಬಂದಿರಬೇಕು. ಇದರಲ್ಲಿ ನಿನ್ನ ತಪ್ಪೇನಿಲ್ಲ, ಗೊತ್ತಿರಲಿಲ್ವಲ್ಲ."

ಗೊತ್ತಿರಲಿಲ್ವಲ್ಲ ಎಂದರು. ನಾನು ಸಾರು ತರುವ ನೆಪದಲ್ಲಿ ಎದ್ದು ಒಲೆಯ ಕಡೆ ಹೋದೆ.

ಜುಲೈ ಮೊದಲ ವಾರ ಅವ್ವ ಶಿವಮೊಗ್ಗದಿಂದ ಒಬ್ಬಳೇ ಬಂದಳು. ಸಮತಾ ಮಗುವಿಗೆ ಸ್ನಾನ ಮಾಡಿಸುವಾಗ ನನ್ನನ್ನು ಹಿತ್ತಲಿಗೆ ಕರೆದು ಕೂರಿಸಿಕೊಂಡಳು.

"ಆ ಮೊಟ್ಟೇಲಿ ಬಿಳೀದು ಬಂದ್ರೆ ಏನಾಗುತ್ತೆ ಗೊತ್ತೇನೆ? ಎಲ್ಲಾರೂ ಬಂದು ನನ್ನ ಕೇಳ್ತಾರೆ, ಮೊದ್ಲು ನಿಮ್ಮಲ್ಲಿ ಇತ್ತಾ ಅಂತ. ನುಗ್ಗೆಮರದ ಬುಡ ಅಗೀತಾರೆ."

"ಅವ್ವ, ಅಷ್ಟು ವರ್ಷದ ಹಿಂದಿನದು…"

"ನನ್ನ ಬಿಡು, ಇವತ್ತೋ ನಾಳೆಯೋ ಸಾಯೋಳು. ನಿನ್ನ ಮಗಳು ನಿನ್ನ ಏನಂತಾಳೆ? ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೊಟ್ಟೆಯಲ್ಲವ್ವಾ ಅಂತ ಮುಖಕ್ಕೆ ಉಗೀತಾಳೆ. ನೋಡ್ಕೊ."

ಅಷ್ಟು ಹೇಳಿ ಎಲೆ ಅಡಿಕೆ ಹಾಕಿಕೊಂಡು ಬಸ್ಸಿಗೆ ಹೋದಳು. ಅಯ್ಯೋ ದೇವರೇ! ಮೊಮ್ಮಗಳು ತನ್ನ ಮನೆ ಸೇರಬೇಕು ಎನ್ನುವುದು ನನಗೆ ಬೇಡವಾಗಿತ್ತೇ? ಬೇಕಾಗಿತ್ತು. ಆದರೆ ಸಮತಾ ನನ್ನ ಮುಖ ನೋಡುವುದನ್ನು ಬಿಟ್ಟಾಳು ಎನ್ನುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ.

ಆ ಗುರುವಾರ ಇವರು ಮೊದಲ ಪಾಳಿಗೆ ಹೋಗಿದ್ದರು. "ಸೋಮವಾರದೊಳಗೆ ಒಡೀತಾವೆ, ಹಾಲೇಶಂಗೆ ಫೋನ್ ಮಾಡ್ತೀನಿ" ಎಂದು ಹೇಳಿ ಹೋಗಿದ್ದರು. ಸಮತಾ ಮಗುವಿಗೆ ಸೂಜಿ ಹಾಕಿಸಲು ಆಸ್ಪತ್ರೆಗೆ ಹೋದಳು. ಒಲೆಯ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ನಾನು ಚೊಂಬಿನಲ್ಲಿ ಮೊಗೆದು ಮೊಗೆದು ಆ ಮಡಕೆಗೆ ಹೊಯ್ದೆ. ಎಷ್ಟು ಚೊಂಬು ಹೊಯ್ದೆನೋ ನೆನಪಿಲ್ಲ. ಮೊಟ್ಟೆಗಳನ್ನು ಸೆರಗಿನಲ್ಲಿ ಹಿಡಿದು ಹೊರಗೆ ತೆಗೆಯುವಾಗ ಒಂದರ ಸಿಪ್ಪೆ ಹರಿಯಿತು. ಒಳಗೆ ಮರಿ ಸುರುಳಿ ಸುತ್ತಿ ಮಲಗಿತ್ತು. ಪೂರ್ತಿ ಬೆಳೆದಿತ್ತು. ಬೆಳ್ಳಗಿತ್ತು.

ಉಳಿದವುಗಳನ್ನು ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ. ಹನ್ನೊಂದನ್ನೂ ಕರಿಬೇವಿನ ಗಿಡದ ಬುಡದಲ್ಲಿ ಹೂತು, ಮೇಲೆ ಬೂದಿ ಸುರಿದೆ. ನಾನೂ ನನ್ನವ್ವನ ಮಗಳೇ ಅಲ್ಲವೇ.

ಸಮತಾ ಮೊದಲು ಬಂದಳು, ಮೊಟ್ಟೆಯಿಲ್ಲದ ಮಡಕೆಯನ್ನು ನೋಡಿ ಬಟ್ಟೆಯನ್ನು ಮತ್ತೆ ಮುಚ್ಚಿದಳು. ಇವರು ಮಧ್ಯಾಹ್ನ ಬಂದಾಗ ನಾನು ಮೊದಲೇ ಜೋಡಿಸಿಟ್ಟುಕೊಂಡಿದ್ದ ಮಾತು ಹೇಳಿದೆ: "ಇರುವೆ ಮುತ್ತಿಕೊಂಡು ಎಲ್ಲ ಕೊಳೆತು ಹೋಗಿದ್ವು, ವಾಸನೆ ಬರ್ತಿತ್ತು, ಎಸೆದುಬಿಟ್ಟೆ." ಇವರು ಮಡಕೆಯ ಮುಂದೆ ಕೂತು ಮರಳಿನೊಳಗೆ ಕೈ ಇಳಿಸಿದರು. ಮೊಣಕೈವರೆಗೆ ಇಳಿಸಿ ಹಾಗೇ ಬಿಟ್ಟರು. ಮಣ್ಣಿನ ಮಡಕೆ, ಮೇಲಿನ ಮರಳು ಆರಿದ್ದರೂ ತಳದ ಮರಳು ಇನ್ನೂ ಬೆಚ್ಚಗಿದ್ದಿರಬೇಕು. ಕೈ ತೆಗೆದು, ತೊಳೆದುಕೊಂಡು, ನನ್ನ ಮುಖವನ್ನು ನೋಡದೆ, "ಸಮತಾಗೆ ಊಟಕ್ಕೆ ಹಾಕು" ಎಂದರು.

ಆ ದಿನ ಇವರು ನನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ, ಕೇಳಲೂ ಇಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಆಷಾಢ ಕಳೆದ ಮೇಲೆ, ನಾಗರಕಲ್ಲಿಗೆ ಹಾಲೆರೆಯುವುದನ್ನು ಬಿಡಿಸಿದ್ದ ಇವರೇ ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಅರಳಿಕಟ್ಟೆ ಸುತ್ತಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದರು. ಸಂಘದವರು ಕೆಲವರು ರಸ್ತೆಯಲ್ಲಿ ನಿಂತು ನೋಡಿದರು. ದೇವರಾಜ್ ಮೇಷ್ಟ್ರು, "ಹೊನ್ನಯ್ಯ, ನೀನೂನಾ?" ಎಂದು ಕೇಳಿದಾಗ ಇವರು ತಲೆ ತಗ್ಗಿಸಿದರು, ಹೆಂಡತಿಯ ಹೆಸರು ಬಾಯಿಗೆ ತರಲಿಲ್ಲ. ಹಾವುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೊಳೆಹೊನ್ನೂರಿನ ಕಡೆ ಗದ್ದೆಬಯಲಿಗೆ ಬಿಟ್ಟು ಬಂದರು. ಬಿಳಿಯದು ಬಯಲಿನಲ್ಲಿ ಬಹಳ ದೂರದವರೆಗೆ ಕಾಣಿಸುತ್ತಿತ್ತಂತೆ.

ಅದರ ಮಾರನೇ ದಿನ ಹಾಲೇಶ ಬಂದು ಸಮತಾಳನ್ನು ಕರೆದುಕೊಂಡು ಹೋದ. ಮಗುವಿಗೆ ಆರು ತಿಂಗಳು ತುಂಬಿತ್ತಷ್ಟೆ. ಬಸ್ ಸ್ಟ್ಯಾಂಡಿನಲ್ಲಿ ಅದು ನನ್ನ ಹೆಗಲ ಮೇಲೆ ಅಳುತ್ತಿತ್ತು. ಅಳು ಕೇಳಿ ಸಮತಾಳ ರವಿಕೆ ಎದೆಹಾಲಿಗೆ ನೆನೆಯಿತು. ಸೆರಗು ಹೊದ್ದುಕೊಂಡು ಬಸ್ ಹತ್ತಿದಳು, ಕಿಟಕಿಯಿಂದ ಹಿಂತಿರುಗಿ ನೋಡಲಿಲ್ಲ.

ಎರಡು ವರ್ಷಕ್ಕೆ ಅವಳಿಗೆ ಗಂಡುಮಗು ಆಯಿತು. ಎಣ್ಣೆಗೆಂಪು ಬಣ್ಣ, ಕರಿ ಕೂದಲು. ಓಣಿಗೆಲ್ಲ ಸಕ್ಕರೆ ಹಂಚಿದರು. "ನೋಡಿದ್ರಾ, ದೋಷ ಕಳೀತು" ಎಂದ ಪುಟ್ಟಪ್ಪ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಇವರು ಆ ಸುದ್ದಿ ಕೇಳಿ ಜೇಬಿನ ಬೀಜಗಳನ್ನು ಒಂದು ಸಲ ನೆಲಕ್ಕೆ ಹಾಕಿ, ನೋಡಿ, ಮತ್ತೆ ಎತ್ತಿ ಜೇಬಿಗೆ ಹಾಕಿಕೊಂಡರು. "ಮಿತ್ರಾನ ಈಗ ಕರ್ಕೊಂಡು ಹೋಗ್ತೀಯೇನೋ?" ಎಂದು ನಾನು ಹಾಲೇಶನನ್ನು ಕೇಳಿದೆ. "ಕಳೆದಿದ್ದನ್ನ ಮತ್ತೆ ಮನೆಗೆ ತರ್ತಾರೇನಕ್ಕ" ಎಂದ.

ಎರಡು ಸಾವಿರದ ನಾಲ್ಕರಲ್ಲಿ ಮೂರನೆಯ ಹೆರಿಗೆ. ದಿನ ತುಂಬುವ ಮೊದಲೇ ನೋವು ಬಂತು, ಅವ್ವನೇ ಕೂತಳು. ನಾನು ಮತ್ತು ಇವರು ಮಿತ್ರಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಶಿವಮೊಗ್ಗಕ್ಕೆ ಹೋಗಿ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಇವರು ಹಾಲೇಶನ ಜೊತೆ ಹೊರಗೆ ಜಗಲಿಯಲ್ಲಿ ಕೂತರು, ನಾನು ಒಳಗೆ ಹೋದೆ. ಅವ್ವ ಆಗಷ್ಟೆ ಮಗುವನ್ನು ಕೈಗೆ ತೆಗೆದುಕೊಂಡಿದ್ದಳು. ಹೆಣ್ಣು. ಮೈಮೇಲಿನ ರಕ್ತ ಒರೆಸುತ್ತಿದ್ದ ಹಾಗೆ ಅದರ ಅಡಿಯಿಂದ ಬಿಳಿ ಬಂತು. ಒಂದು ಸಲ ಅತ್ತಿತು, ಜೋರಾಗಲ್ಲ, ಬೆಕ್ಕಿನ ಮರಿಯಷ್ಟು.

ಗೂಡಿನಲ್ಲಿ ಹಾವಿರಲಿಲ್ಲ. ಗೂಡೇ ಇರಲಿಲ್ಲ. ಆ ಮಗುವನ್ನು ಹೊರಗಿನ ಜಗಲಿಗೆ ಎತ್ತಿಕೊಂಡು ಹೋಗಿದ್ದರೆ ಸಾಕಿತ್ತು, ನೋಡೋ ಹಾಲೇಶ, ಇದಕ್ಕೆ ಯಾವ ಹಾವೋ ಎಂದು ಕೇಳಿದ್ದರೆ ಸಾಕಿತ್ತು. ಅವ್ವ ನನ್ನ ಕಡೆ ನೋಡಿದಳು. ಅದೇ ನೋಟ. ನನಗೆ ನಲವತ್ತಾರು ವರ್ಷ, ಮೊಮ್ಮಕ್ಕಳನ್ನು ಕಂಡ ಹೆಂಗಸು ನಾನು, ಆದರೂ ಆ ನೋಟದ ಮುಂದೆ ಏಳು ವರ್ಷದವಳಾಗಿ ಬಾಗಿಲ ಸಂದಿಯಲ್ಲೇ ನಿಂತೆ. ಅವ್ವ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು.

ಸಮತಾ ಕಣ್ಣು ಬಿಟ್ಟಳು. "ಅವ್ವ, ಅತ್ತಂಗಾಯ್ತಲ್ಲ. ನಂಗೆ ಕೇಳಿಸ್ತು."

"ಇಲ್ಲ ಕಣೆ. ಪಕ್ಕದ ಮನೆ ಮಗು ಅದು. ಮಲ್ಕೊ" ಎಂದು ಅವಳ ಹಣೆ ಸವರಿದೆ. ಅವಳು ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನನ್ನನ್ನು ನಂಬಿದಳು.

ನುಗ್ಗೆಮರ ಎಂದೋ ಬಿದ್ದುಹೋಗಿತ್ತು, ಅದೇ ಜಾಗದಲ್ಲಿ ಹಾಲೇಶ ಗುಂಡಿ ತೋಡಿದ. ಬಟ್ಟೆಯನ್ನು ಬಿಚ್ಚಲು ಅವ್ವ ಯಾರಿಗೂ ಬಿಡಲಿಲ್ಲ. ಸಂಜೆ ನಾವು ಬಸ್ಸಿಗೆ ನಡೆಯುವಾಗ ಇವರು ಹೊಳೆಯ ಸೇತುವೆಯ ಮೇಲೆ ನಿಂತರು.

"ಯಾವ ಬಣ್ಣ ಇತ್ತು?" ಎಂದರು.

"ಕಪ್ಪಗಿತ್ತು" ಎಂದೆ.

ಆಮೇಲೆ ಬಸ್ಸಿನಲ್ಲಿ ಭದ್ರಾವತಿಯವರೆಗೆ ನನ್ನ ಪಕ್ಕದಲ್ಲೇ ಕೂತಿದ್ದರು. ಅವತ್ತಿನಿಂದ ನನ್ನ ಹತ್ತಿರ ಅನ್ನ, ನೀರು, ಮಿತ್ರಾ, ಈ ಮೂರರ ಹೊರತು ಮಾತಿಲ್ಲ.

ಈಗ ಮಿತ್ರಾಗೆ ಏಳು ವರ್ಷ. ಬಿಸಿಲಿಗೆ ಹೋದರೆ ಮೈಯೆಲ್ಲ ಬೊಕ್ಕೆ ಬರುತ್ತದೆ, ಕಣ್ಣು ಮಂಜು, ಶಾಲೆಯಲ್ಲಿ ಬೋರ್ಡಿನ ಅಡಿಗೇ ಕೂರಿಸುತ್ತಾರೆ. ಸಮತಾ ವರ್ಷಕ್ಕೊಮ್ಮೆ ಬಂದು ಹೊಸ ಬಟ್ಟೆ ಕೊಟ್ಟು ಹೋಗುತ್ತಾಳೆ. ಮಿತ್ರಾ ಅವಳನ್ನು ಅಕ್ಕ ಎನ್ನುತ್ತಾಳೆ. ಇವರು ತಮ್ಮ ಜೇಬಿನ ಎರಡು ಬೀಜಗಳನ್ನು ಮಿತ್ರಾಗೆ ಕೊಟ್ಟುಬಿಟ್ಟಿದ್ದಾರೆ. ಓಣಿಯ ಮಕ್ಕಳನ್ನು ಪೊರಕೆ ಹಿಡಿದು ಓಡಿಸುವ ನಾನು ಇವಳಿಗೆ ಏನೂ ಅನ್ನಲಾರೆ. ಅವಳ ಜೊತೆ ಆಡಲೂ ಬೇಕು.

ಮೊನ್ನೆ ಮಧ್ಯಾಹ್ನ ಬಾಗಿಲಲ್ಲಿ ಮನೆ ಬರೆದುಕೊಂಡು ಕೂತಿದ್ದೆವು. ಎರಡೇ ಬೀಜದ ಆಟ, ತಾತ ಮೊಮ್ಮಗಳು ಮಾಡಿಕೊಂಡದ್ದು. ಎರಡೂ ಬಿಳಿ ಬಿದ್ದರೆ ನಾಲ್ಕು ಮನೆ. ನನ್ನ ಕಾಯಿ ಅವಳ ಕಾಯಿಗಿಂತ ನಾಲ್ಕೇ ಮನೆ ಮುಂದಿತ್ತು. ಇವರು ಒಳಗೆ ಮಂಚದ ಮೇಲೆ ಮಲಗಿದ್ದರು. ಮಿತ್ರಾ ಬೀಜ ಹಾಕಿದಳು. ಹೊರಗಿನ ಬೆಳಕಿಗೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಅಜ್ಜಿ, ಯಾವ ಬಣ್ಣ ಬಿತ್ತು?"

ಎರಡೂ ಬಿಳಿ ಬಿದ್ದಿದ್ದವು. ಅದನ್ನು ನೋಡಿದ ಕೂಡಲೇ ನನ್ನ ಬಾಯಿ ನನ್ನನ್ನು ಕೇಳದೇ ಹೇಳಿತು: "ಕಪ್ಪು."

ಮಿತ್ರಾ ಕೈ ಚಾಚಿ ನೆಲ ತಡವಿ ಎರಡೂ ಬೀಜಗಳನ್ನು ಮುಟ್ಟಿದಳು. ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿದಳು. ಉಜ್ಜಿದ ಮಗ್ಗುಲು ಚಪ್ಪಟೆಯಾಗಿ, ತರಿತರಿಯಾಗಿ ಇರುತ್ತದೆ.

"ಸುಳ್ಳು ಹೇಳ್ತೀಯಲ್ಲಜ್ಜಿ" ಎಂದಳು. "ಎರಡೂ ಬಿಳಿ."

ಒಳಗಿನಿಂದ ಇವರ ದನಿ ಬಂತು. "ನಿಮ್ಮಜ್ಜಿಗೆ ಬಣ್ಣ ಕಾಣ್ಸಲ್ಲ ಮಗಳೇ. ನೀನು ನಿನ್ನ ಬೆರಳನ್ನೇ ಕೇಳು."

ಮಿತ್ರಾ ನಗುತ್ತ ನಾಲ್ಕು ಮನೆ ಎಣಿಸಿ ನನ್ನ ಕಾಯಿ ಹೊಡೆದಳು. ಬೀಜಗಳನ್ನು ನನ್ನ ಅಂಗೈಯಲ್ಲಿಟ್ಟು, "ಹಾಕಜ್ಜಿ, ನಿನ್ನ ಸರದಿ" ಎಂದಳು.